ಅಜ್ಟೆಕ್ ಶಿಲಾ ಸ್ಮಾರಕಗಳು

ಅಜ್ಟೆಕ್ ಶಿಲಾ ಸ್ಮಾರಕಗಳು ಎಂಬುದು ಈಗಿನ ಮೆಕ್ಸಿಕೋ ದೇಶದ ಮಧ್ಯಭಾಗದಲ್ಲಿ 15ನೆಯ ಶತಮಾನದಿಂದ 16ನೆಯ ಶತಮಾನದ ಆರಂಭದವರೆಗೆ ಪ್ರಬಲವಾಗಿದ್ದ ಅಜ್ಟೆಕ್ ಜನರು ಜ್ವಾಲಾಮುಖಿ ಶಿಲೆಗಳಲ್ಲಿ ಕೆತ್ತಿದ ಬೃಹತ್ ಶಿಲ್ಪಗಳಿಗೆ ಮತ್ತು ಉಬ್ಬುಶಿಲ್ಪಗಳಿಗೆ ಇರುವ ಸಾಮಾನ್ಯ ಹೆಸರು. ಸೂರ್ಯಶಿಲೆ, ಕೊಆಟ್ಲಿಕ್ಯುಎ ವಿಗ್ರಹ, ಟಿಸೊಕ್ ಶಿಲೆ, ಕೊಯೊಲ್‌ಶಾವ್‌ಕಿ ಚಕ್ರಶಿಲೆ ಮತ್ತು ಟ್ಲಾಲ್ಟೆಕುಟ್ಲಿ ಶಿಲಾಫಲಕ ಇವುಗಳಲ್ಲಿ ಪ್ರಮುಖವಾದವು. ಇವು ದೇವತೆಗಳ ರೂಪಗಳಷ್ಟೇ ಆಗಿರದೆ ದೊರೆಗಳ ವಿಜಯ, ವಿಶ್ವದ ಹುಟ್ಟು ಮತ್ತು ಅಳಿವು, ಕಾಲದ ಗಣನೆ ಇವೆಲ್ಲವನ್ನೂ ಒಂದೇ ಕಲ್ಲಿನಲ್ಲಿ ಸಾರುವ ರಾಜ್ಯದ ಶಾಸನಗಳೂ ಆಗಿದ್ದವು. ಇಂದು ಉಳಿದಿರುವ ಹೆಚ್ಚಿನ ಸ್ಮಾರಕಗಳು ನೆಲದಡಿಯಲ್ಲಿ ಹೂತುಹೋಗಿದ್ದ ಕಾರಣದಿಂದಲೇ ಉಳಿದುಕೊಂಡಿವೆ.

ಹಿನ್ನೆಲೆ

'ಅಜ್ಟೆಕ್' ಎಂಬ ಹೆಸರು ನಂತರದ ಕಾಲದಲ್ಲಿ ಬಳಕೆಗೆ ಬಂದದ್ದು. ಈ ಸ್ಮಾರಕಗಳನ್ನು ನಿರ್ಮಿಸಿದವರು ತಮ್ಮನ್ನು ಮೆಶೀಕರೆಂದು ಕರೆದುಕೊಳ್ಳುತ್ತಿದ್ದರು. 'ಮೆಕ್ಸಿಕೋ' ಎಂಬ ದೇಶನಾಮ ಈ ಶಬ್ದದಿಂದಲೇ ಬಂದಿದೆ. ಅವರ ಭಾಷೆ ನಾವಾಟಲ್. ಸಾಂಪ್ರದಾಯಿಕ ಗಣನೆಯಂತೆ 1325ರಲ್ಲಿ ಅವರು ಟೆಕ್ಸ್‌ಕೊಕೊ ಸರೋವರದ ನಡುವಿನ ದ್ವೀಪವೊಂದರಲ್ಲಿ ತೆನೊಚ್ಟಿಟ್ಲಾನ್ ನಗರವನ್ನು ಸ್ಥಾಪಿಸಿದರು. 1428ರ ಸುಮಾರಿಗೆ ತೆನೊಚ್ಟಿಟ್ಲಾನ್, ಟೆಕ್ಸ್‌ಕೊಕೊ ಮತ್ತು ಟ್ಲಾಕೊಪಾನ್ ನಗರಗಳು ಸೇರಿ ತ್ರಿಪಕ್ಷೀಯ ಒಕ್ಕೂಟವನ್ನು ರಚಿಸಿಕೊಂಡ ಮೇಲೆ ಮೆಶೀಕರು ಸುತ್ತಮುತ್ತಲಿನ ಪ್ರಾಂತ್ಯಗಳನ್ನು ಗೆದ್ದು ಕಪ್ಪಕಾಣಿಕೆ ಪಡೆಯತೊಡಗಿದರು. ಬೃಹತ್ ಶಿಲ್ಪಗಳ ನಿರ್ಮಾಣವು ಈ ವಿಸ್ತರಣೆಯ ಕಾಲಕ್ಕೆ ಸೇರಿದ್ದು. ಒಂದನೆಯ ಮೊಕ್ಟೆಜುಮಾ (ಆಳ್ವಿಕೆ 1440–1469), ಅಶಾಯಾಕಟ್ಲ್ (1469–1481), ಟಿಸೊಕ್ (1481–1486), ಅವಿಟ್ಸೊಟ್ಲ್ (1486–1502) ಮತ್ತು ಎರಡನೆಯ ಮೊಕ್ಟೆಜುಮಾ (1502–1520) ಇವರ ಆಳ್ವಿಕೆಗಳಲ್ಲಿ ಪ್ರಸಿದ್ಧ ಸ್ಮಾರಕಗಳೆಲ್ಲವೂ ಸಿದ್ಧವಾದವು. ಅಂದರೆ ಈ ಇಡೀ ಪರಂಪರೆಯ ಉತ್ತುಂಗದ ಅವಧಿ ಎಂಬತ್ತು ವರ್ಷಗಳಷ್ಟು ಮಾತ್ರ.

ನಗರದ ನಡುವೆ ಮಹಾದೇಗುಲವಿದ್ದಿತು. ಸ್ಪ್ಯಾನಿಷ್ ಭಾಷೆಯಲ್ಲಿ ಇದನ್ನು ಟೆಂಪ್ಲೊ ಮಾಯೊರ್ ಎನ್ನುತ್ತಾರೆ. ಮೆಟ್ಟಿಲುಗಳುಳ್ಳ ಈ ಪಿರಮಿಡ್ಡಿನ ತುದಿಯಲ್ಲಿ ಎರಡು ಗುಡಿಗಳಿದ್ದವು: ಒಂದು ಮಳೆಯ ದೇವರಾದ ಟ್ಲಾಲೊಕನಿಗೆ, ಇನ್ನೊಂದು ಸೂರ್ಯ ಮತ್ತು ಯುದ್ಧಗಳ ಅಧಿದೈವವೂ ಮೆಶೀಕರ ಕುಲದೈವವೂ ಆದ ಹುಯಿಟ್ಜಿಲೊಪೊಚ್ಟ್ಲಿಗೆ. ಹಳೆಯ ಕಟ್ಟಡವನ್ನು ಕೆಡವದೆ ಅದರ ಮೇಲೆಯೇ ಹೊಸದನ್ನು ಹೊದಿಸುತ್ತ ಹಲವು ಹಂತಗಳಲ್ಲಿ ಈ ದೇಗುಲವನ್ನು ಹಿಗ್ಗಿಸಲಾಯಿತು. ಹೀಗಾಗಿ ಒಂದು ಕಾಲದ ಶಿಲ್ಪಗಳು ಮುಂದಿನ ಕಾಲದ ಕಟ್ಟಡದೊಳಗೆ ಮುಚ್ಚಿಹೋದವು.

ಶಿಲೆ, ಸಾಗಣೆ ಮತ್ತು ಕೆತ್ತನೆ

ಮೆಕ್ಸಿಕೋ ಕಣಿವೆಯ ಸುತ್ತಲೂ ಜ್ವಾಲಾಮುಖಿ ಪರ್ವತಗಳಿರುವುದರಿಂದ ಶಿಲ್ಪಿಗಳಿಗೆ ಬಸಾಲ್ಟ್ ಮತ್ತು ಆಂಡೆಸೈಟ್ ಶಿಲೆಗಳು ಹೇರಳವಾಗಿ ದೊರೆಯುತ್ತಿದ್ದವು. ಹಸಿರು ಬಣ್ಣದ ಕಲ್ಲುಗಳನ್ನು ಹೆಚ್ಚು ಪವಿತ್ರವೆಂದು ಭಾವಿಸಿ ಸಣ್ಣ ಗಾತ್ರದ, ವಿಶೇಷ ಮಹತ್ವದ ಕೃತಿಗಳಿಗೆ ಬಳಸುತ್ತಿದ್ದರು.

ಮೆಶೀಕರಿಗೆ ಕಬ್ಬಿಣ ತಿಳಿದಿರಲಿಲ್ಲ. ಗಟ್ಟಿ ಕಲ್ಲಿನ ಸುತ್ತಿಗೆಗಳು, ಕಲ್ಲಿನ ಉಳಿಗಳು, ಸ್ವಲ್ಪಮಟ್ಟಿಗೆ ತಾಮ್ರದ ಉಪಕರಣಗಳು ಇವೇ ಅವರ ಸಾಧನಗಳು. ಕಲ್ಲನ್ನು ಕುಟ್ಟಿ ಒರಟು ಆಕಾರಕ್ಕೆ ತಂದ ಮೇಲೆ ಮರಳು ಮತ್ತು ನೀರು ಹಾಕಿ ಉಜ್ಜಿ ನಯಗೊಳಿಸುತ್ತಿದ್ದರು. ಭಾರ ಎಳೆಯುವ ಪ್ರಾಣಿಗಳಾಗಲಿ ಗಾಲಿಬಂಡಿಗಳಾಗಲಿ ಇರಲಿಲ್ಲವಾದ್ದರಿಂದ ಹತ್ತಾರು ಟನ್ ತೂಕದ ಬಂಡೆಗಳನ್ನು ಹಗ್ಗ, ಸನ್ನೆಗೋಲು ಮತ್ತು ಮರದ ದಿಮ್ಮಿಗಳ ನೆರವಿನಿಂದ ಜನರೇ ಎಳೆದು ತರಬೇಕಾಗಿತ್ತು. ದ್ವೀಪನಗರವನ್ನು ದಡಕ್ಕೆ ಜೋಡಿಸುವ ಏರಿರಸ್ತೆಗಳ ಮೇಲೆ ಈ ಬಂಡೆಗಳು ಸಾಗಿ ಬರುತ್ತಿದ್ದವು.

ಈ ಶ್ರಮವು ಜನಮನದಲ್ಲಿ ಉಳಿದ ಬಗೆಯನ್ನು 16ನೆಯ ಶತಮಾನದ ಡೊಮಿನಿಕನ್ ಪಾದ್ರಿ ಡಿಯೆಗೊ ಡುರಾನ್ ದಾಖಲಿಸಿದ ಕಥೆಯೊಂದು ತಿಳಿಸುತ್ತದೆ. ಎರಡನೆಯ ಮೊಕ್ಟೆಜುಮಾ ಹಿಂದಿನ ಎಲ್ಲ ಬಲಿಶಿಲೆಗಳನ್ನು ಮೀರಿಸುವ ಒಂದು ಕಲ್ಲನ್ನು ಚಾಲ್ಕೊ ಪ್ರಾಂತ್ಯದಿಂದ ತರಿಸಲು ಆಜ್ಞಾಪಿಸಿದನಂತೆ. ಹಗ್ಗಗಳು ತುಂಡಾದವು, ಕಲ್ಲು ಕದಲಲಿಲ್ಲ. ಕೊನೆಗೆ ಅದು ಮಾತನಾಡಿ, ತಾನು ಬರುವುದಿಲ್ಲವೆಂದೂ ದೊರೆಯ ಕಾಲ ಮುಗಿಯುತ್ತ ಬಂದಿದೆಯೆಂದೂ ನುಡಿಯಿತು. ನಗರದ ಅಂಚಿನವರೆಗೆ ಬಂದು, ಸೇತುವೆಯನ್ನು ಮುರಿದುಕೊಂಡು ನೀರಿನಲ್ಲಿ ಮುಳುಗಿದ ಆ ಕಲ್ಲು ತಾನು ಮೊದಲಿದ್ದ ಜಾಗದಲ್ಲಿಯೇ ಮತ್ತೆ ಕಂಡಿತಂತೆ. ಸಾಮ್ರಾಜ್ಯ ಪತನವಾದ ಮೇಲೆ ಬರೆಯಲ್ಪಟ್ಟ ಈ ಕಥೆಯಲ್ಲಿ ಸೋಲಿನ ನೆರಳು ಸ್ಪಷ್ಟವಾಗಿದೆ. ಆದರೆ ಕಲ್ಲಿಗೆ ಜೀವವಿದೆ, ಇಚ್ಛೆಯಿದೆ ಎಂಬ ನಂಬಿಕೆಯೂ ಅದರಲ್ಲಿ ಅಷ್ಟೇ ಸ್ಪಷ್ಟವಾಗಿದೆ.

ಇಂದು ಬೂದು ಬಣ್ಣದಲ್ಲಿ ಕಾಣುವ ಈ ಸ್ಮಾರಕಗಳಲ್ಲಿ ಹಲವು ಮೂಲದಲ್ಲಿ ಬಣ್ಣ ಬಳಿದವಾಗಿದ್ದವು. ಕೆಂಪು, ಕಾವಿ, ಬಿಳಿ, ನೀಲಿ ಮತ್ತು ಕಪ್ಪು ವರ್ಣಗಳ ಕುರುಹುಗಳು ಪತ್ತೆಯಾಗಿವೆ.

ಸೂರ್ಯಶಿಲೆ

ಸೂರ್ಯಶಿಲೆಯು ಅಜ್ಟೆಕ್ ಸ್ಮಾರಕಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಅತ್ಯಂತ ಹೆಚ್ಚಾಗಿ ತಪ್ಪಾಗಿ ಅರ್ಥೈಸಲ್ಪಟ್ಟದ್ದೂ ಅದೇ. ಬಸಾಲ್ಟ್ ಶಿಲೆಯ ಈ ಚಕ್ರದ ವ್ಯಾಸ ಸುಮಾರು 3.58 ಮೀಟರ್, ತೂಕ ಸುಮಾರು 24 ಟನ್. ಇದನ್ನು 'ಅಜ್ಟೆಕ್ ಪಂಚಾಂಗ' ಎಂದು ಕರೆಯುವ ರೂಢಿಯಿದ್ದರೂ ದಿನವನ್ನು ಎಣಿಸಿ ತಿಳಿಯುವ ಸಾಧನವಾಗಿ ಇದನ್ನು ಬಳಸಲು ಸಾಧ್ಯವಿಲ್ಲ. ಪಂಚಾಂಗದ ಚಿಹ್ನೆಗಳು ಇದರಲ್ಲಿವೆ ಎಂಬುದು ನಿಜ, ಆದರೆ ಅವು ಸೂರ್ಯನ ಕಥೆಯನ್ನು ಹೇಳುವುದಕ್ಕಾಗಿ ಇವೆ.

ಚಕ್ರದ ನಡುವೆ ನಾಲಿಗೆಯ ಸ್ಥಾನದಲ್ಲಿ ಚಕಮಕಿ ಕಲ್ಲಿನ ಕತ್ತಿಯನ್ನು ಹೊರಚಾಚಿದ ಮುಖವಿದೆ. ಅದರ ಎರಡೂ ಬದಿಯ ಪಂಜಗಳು ಮಾನವ ಹೃದಯಗಳನ್ನು ಹಿಡಿದಿವೆ. ಮುಖದ ಸುತ್ತ ನಾಲ್ಕು ಚೌಕಗಳಿದ್ದು, ಅವು ಮೆಶೀಕರ ನಂಬಿಕೆಯಂತೆ ಈ ಹಿಂದೆ ಆಗಿಹೋದ ನಾಲ್ಕು ಯುಗಗಳನ್ನು, ಅಂದರೆ ನಾಲ್ಕು 'ಸೂರ್ಯ'ರನ್ನು ಸೂಚಿಸುತ್ತವೆ. ನಾಲ್ಕು-ಜಾಗ್ವಾರ್ ಯುಗದ ಜನರನ್ನು ಜಾಗ್ವಾರ್‌ಗಳು ತಿಂದವು. ನಾಲ್ಕು-ಗಾಳಿ ಯುಗವು ಬಿರುಗಾಳಿಯಿಂದಲೂ, ನಾಲ್ಕು-ಮಳೆ ಯುಗವು ಬೆಂಕಿಯ ಮಳೆಯಿಂದಲೂ, ನಾಲ್ಕು-ನೀರು ಯುಗವು ಪ್ರಳಯದಿಂದಲೂ ನಾಶವಾದವು. ಈ ಚೌಕಗಳು ಮತ್ತು ನಡುವಿನ ಮುಖ ಸೇರಿ 'ಚಲನೆ' ಎಂಬ ಅರ್ಥದ ಓಲಿನ್ ಚಿಹ್ನೆಯ ಆಕಾರ ತಾಳುತ್ತವೆ. ಅದು ಐದನೆಯ, ಅಂದರೆ ಈಗಿನ ಸೂರ್ಯನ ಹೆಸರು: ನಾವಿ ಓಲಿನ್ ಅಥವಾ ನಾಲ್ಕು-ಚಲನೆ. ಈ ಯುಗವು ಭೂಕಂಪದಿಂದ ಕೊನೆಗೊಳ್ಳುವುದೆಂದು ಅವರು ನಂಬಿದ್ದರು. ಯುಗದ ಹೆಸರು ಮತ್ತು ಅದರ ಅಂತ್ಯದ ವಿಧಾನ ಎರಡೂ ಒಂದೇ ಚಿಹ್ನೆಯಲ್ಲಿ ಅಡಗಿವೆ.

ಅದರಾಚೆಯ ವೃತ್ತದಲ್ಲಿ ಮೊಸಳೆಯಿಂದ ಹೂವಿನವರೆಗೆ ಇಪ್ಪತ್ತು ದಿನಚಿಹ್ನೆಗಳಿವೆ. ಇಪ್ಪತ್ತು ಚಿಹ್ನೆಗಳನ್ನು ಹದಿಮೂರು ಸಂಖ್ಯೆಗಳೊಡನೆ ಜೋಡಿಸಿದಾಗ 260 ದಿನಗಳ ಶಕುನ ಪಂಚಾಂಗವಾಗುತ್ತದೆ. 365 ದಿನಗಳ ಸೌರವರ್ಷವೂ ಇದೂ ಒಟ್ಟಿಗೆ ತಿರುಗಿ ಅದೇ ಜೋಡಣೆಗೆ ಮರಳಲು 52 ವರ್ಷ ಬೇಕು. ಹೊರಗಿನ ಅಂಚಿನಲ್ಲಿ ಎರಡು ಅಗ್ನಿಸರ್ಪಗಳು ಸುತ್ತಿಕೊಂಡು ಕೆಳಗಡೆ ಎದುರುಬದುರಾಗಿ ನಿಂತಿವೆ. ಅವುಗಳ ತೆರೆದ ಬಾಯಿಗಳಿಂದ ಮುಖಗಳು ಇಣುಕುತ್ತವೆ. ಮೇಲ್ತುದಿಯಲ್ಲಿ 'ಹದಿಮೂರು-ಜೊಂಡು' ಎಂಬ ವರ್ಷಚಿಹ್ನೆಯಿದೆ.

ಆ ವರ್ಷಚಿಹ್ನೆಯು 1479ಕ್ಕೆ ಹೊಂದುವುದರಿಂದ ಶಿಲೆಯನ್ನು ಅಶಾಯಾಕಟ್ಲನ ಕಾಲದ್ದೆಂದು ಹಲವರು ಭಾವಿಸಿದ್ದರು. ಆದರೆ ಹದಿಮೂರು-ಜೊಂಡು ಐದನೆಯ ಸೂರ್ಯನು ಹುಟ್ಟಿದ ಪೌರಾಣಿಕ ವರ್ಷವೂ ಹೌದು. ಶಿಲೆಯ ಮೇಲೆ ಎರಡನೆಯ ಮೊಕ್ಟೆಜುಮಾನ ನಾಮಚಿಹ್ನೆಯಿರುವುದರಿಂದ ಅದು ಅವನ ಆಳ್ವಿಕೆಯಲ್ಲಿ ಕೆತ್ತಲ್ಪಟ್ಟಿತೆಂಬ ಅಭಿಪ್ರಾಯ ಈಗ ಹೆಚ್ಚು ಮನ್ನಣೆ ಪಡೆದಿದೆ. ನಡುವಿನ ಮುಖ ಯಾರದ್ದೆಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಸೂರ್ಯದೇವ ಟೊನಾಟಿಯು ಎಂಬುದು ಹಳೆಯ ಮತ. ಭೂದೇವತೆ ಟ್ಲಾಲ್ಟೆಕುಟ್ಲಿ ಎಂಬುದು ಇನ್ನೊಂದು. ಸೂರ್ಯನ ರೂಪದಲ್ಲಿ ದೈವತ್ವಕ್ಕೇರಿಸಿದ ಮೊಕ್ಟೆಜುಮಾನದೇ ಮುಖವೆಂದು ಲಿಪಿತಜ್ಞ ಡೇವಿಡ್ ಸ್ಟುವರ್ಟ್ ವಾದಿಸಿದ್ದಾರೆ. ಇಂದು ಗೋಡೆಗೆ ನಿಲ್ಲಿಸಿದಂತೆ ಕಾಣುವ ಈ ಶಿಲೆ ಮೂಲದಲ್ಲಿ ನೆಲಕ್ಕೆ ಸಮತಲವಾಗಿ ಮಲಗಿತ್ತೆಂದು ಬಹುಪಾಲು ವಿದ್ವಾಂಸರು ಭಾವಿಸುತ್ತಾರೆ.

ವಿಜಯದ ಶಿಲೆಗಳು

ಟಿಸೊಕ್ ಶಿಲೆಯು ಸುಮಾರು 2.65 ಮೀಟರ್ ವ್ಯಾಸದ ಗುಂಡಗಿನ ಬಂಡೆ. ಮೇಲ್ಭಾಗದಲ್ಲಿ ಕಿರಣಗಳುಳ್ಳ ಸೂರ್ಯಬಿಂಬವಿದೆ. ಸುತ್ತಲಿನ ಪಟ್ಟಿಯಲ್ಲಿ ಒಂದೇ ದೃಶ್ಯ ಹದಿನೈದು ಬಾರಿ ಪುನರಾವರ್ತನೆಗೊಂಡಿದೆ: ಯೋಧನೊಬ್ಬ ಶತ್ರುವಿನ ತಲೆಗೂದಲನ್ನು ಹಿಡಿದು ಸೆರೆಗೊಳ್ಳುತ್ತಿದ್ದಾನೆ. ಪ್ರತಿಯೊಬ್ಬ ಸೆರೆಯಾಳಿನ ಬಳಿ ಸೋತ ಊರಿನ ನಾಮಚಿಹ್ನೆಯಿದೆ. ವಿಜಯಿಗಳಲ್ಲಿ ಒಬ್ಬನ ಶಿರೋಭೂಷಣ ಇತರರದಕ್ಕಿಂತ ವೈಭವಯುತವಾಗಿದ್ದು, ಅವನ ಬಳಿ ದೊರೆ ಟಿಸೊಕನ ನಾಮಚಿಹ್ನೆಯಿದೆ.

ಇತಿಹಾಸಕಾರರಿಗೆ ಈ ಶಿಲೆ ಮುಖ್ಯವಾಗುವುದು ಅದು ಹೇಳುವುದಕ್ಕಿಂತ ಹೆಚ್ಚಾಗಿ ಅದು ಮರೆಮಾಚುವ ಸಂಗತಿಯಿಂದ. ಲಿಖಿತ ಮೂಲಗಳ ಪ್ರಕಾರ ಟಿಸೊಕನು ದುರ್ಬಲ ದೊರೆ. ಅವನ ಆಳ್ವಿಕೆ ಐದಾರು ವರ್ಷಗಳಲ್ಲಿ ಮುಗಿಯಿತು, ಯುದ್ಧಗಳಲ್ಲಿ ಹೇಳಿಕೊಳ್ಳುವಂತಹ ಗೆಲುವು ದೊರೆಯಲಿಲ್ಲ, ಆಸ್ಥಾನದವರೇ ವಿಷವಿಕ್ಕಿ ಕೊಂದರೆಂಬ ವದಂತಿಯೂ ಇದೆ. ಶಿಲೆಯ ಮೇಲಿರುವ ಗೆಲುವುಗಳಲ್ಲಿ ಹೆಚ್ಚಿನವು ಅವನ ಪೂರ್ವಜರವು. ಪರಂಪರಾಗತ ವಿಜಯಗಳನ್ನು ಹಾಲಿ ದೊರೆಯ ಹೆಸರಿನಲ್ಲಿ ಒಟ್ಟುಗೂಡಿಸುವುದು ಆ ಕಾಲದ ಕ್ರಮವೇ ಆಗಿತ್ತೆಂದು ವಾದಿಸಬಹುದು. ಆದರೂ ಕಲ್ಲಿನ ಮಾತನ್ನು ನೇರವಾಗಿ ಚರಿತ್ರೆಯೆಂದು ಒಪ್ಪಿಕೊಳ್ಳುವುದು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

1988ರಲ್ಲಿ ಮೆಕ್ಸಿಕೋ ನಗರದ ಹಳೆಯ ಆರ್ಚ್‌ಬಿಷಪ್ ಅರಮನೆಯ ಅಂಗಳದಲ್ಲಿ ಇದೇ ಬಗೆಯ ಇನ್ನೊಂದು ಶಿಲೆ ದೊರೆಯಿತು. ಹನ್ನೊಂದು ವಿಜಯದೃಶ್ಯಗಳುಳ್ಳ ಅದನ್ನು ಒಂದನೆಯ ಮೊಕ್ಟೆಜುಮಾನ ಕಾಲದ್ದೆಂದು ಗುರುತಿಸಲಾಗಿದೆ. ಟಿಸೊಕ್ ಶಿಲೆಯ ವಿನ್ಯಾಸ ಹೊಸ ಕಲ್ಪನೆಯಲ್ಲ, ಹಿಂದಿನ ದೊರೆಯೊಬ್ಬನ ಮಾದರಿಯ ಅನುಕರಣೆ ಎಂಬುದು ಇದರಿಂದ ತಿಳಿದುಬಂದಿತು. ಸೆರೆಸಿಕ್ಕ ಯೋಧರ ಬಲಿಯೊಡನೆ ಈ ಶಿಲೆಗಳಿಗೆ ಸಂಬಂಧವಿತ್ತು. ಬಲಿಯಾದವರ ಹೃದಯಗಳನ್ನು ಇರಿಸುವ ಪಾತ್ರೆಗಳಿಗೆ 'ಹದ್ದಿನ ಪಾತ್ರೆ' ಎಂಬ ಅರ್ಥದ ಕ್ವಾವ್‌ಶಿಕಾಲಿ ಎಂಬ ಹೆಸರಿದ್ದು, ಜಾಗ್ವಾರ್ ಮತ್ತು ಹದ್ದಿನ ಆಕಾರದ ಅಂತಹ ಶಿಲಾಪಾತ್ರೆಗಳೂ ಉತ್ಖನನಗಳಲ್ಲಿ ದೊರೆತಿವೆ.

'ಪವಿತ್ರ ಯುದ್ಧದ ಗುಡಿ' ಎಂದು ಕರೆಯಲಾಗುವ ಶಿಲ್ಪವು ಪಿರಮಿಡ್ಡಿನ ಕಿರು ಪ್ರತಿಕೃತಿ. ಅದರ ಹಿಂಬದಿಯಲ್ಲಿ ಪಾಪಾಸುಕಳ್ಳಿಯ ಮೇಲೆ ಕುಳಿತ ಹದ್ದಿನ ಚಿತ್ರವಿದೆ. ತೆನೊಚ್ಟಿಟ್ಲಾನಿನ ಸ್ಥಾಪನೆಯ ಐತಿಹ್ಯಕ್ಕೆ ಸೇರಿದ ಇದೇ ಚಿತ್ರ ಇಂದು ಮೆಕ್ಸಿಕೋದ ರಾಷ್ಟ್ರಧ್ವಜದ ಮೇಲಿದೆ.

ಕೊಆಟ್ಲಿಕ್ಯುಎ ಮತ್ತು ಕೊಯೊಲ್‌ಶಾವ್‌ಕಿ

ಈ ಎರಡು ಶಿಲ್ಪಗಳನ್ನು ಒಂದೇ ಪುರಾಣ ಬೆಸೆಯುತ್ತದೆ. ಕೊಆಟೆಪೆಕ್ ಅಥವಾ ಸರ್ಪಗಿರಿ ಎಂಬ ಬೆಟ್ಟದಲ್ಲಿ ಗುಡಿಸುತ್ತಿದ್ದ ಕೊಆಟ್ಲಿಕ್ಯುಎ ಎಂಬ ತಾಯಿ ಆಕಾಶದಿಂದ ಬಿದ್ದ ಗರಿಗಳ ಉಂಡೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಗರ್ಭವತಿಯಾದಳು. ಇದರಿಂದ ಅವಮಾನಿತಳಾದ ಮಗಳು ಕೊಯೊಲ್‌ಶಾವ್‌ಕಿ ತನ್ನ ನಾನೂರು ಸಹೋದರರನ್ನು ಕೂಡಿಕೊಂಡು ತಾಯಿಯನ್ನು ಕೊಲ್ಲಲು ಬಂದಳು. ಆಗ ಹುಯಿಟ್ಜಿಲೊಪೊಚ್ಟ್ಲಿಯು ಪೂರ್ಣಾಯುಧನಾಗಿ ತಾಯಿಯ ಗರ್ಭದಿಂದ ಹೊರಬಂದು ಅಕ್ಕನ ಶಿರಚ್ಛೇದ ಮಾಡಿದನು. ಅವಳ ದೇಹ ಬೆಟ್ಟದಿಂದ ಉರುಳುತ್ತ ತುಂಡುತುಂಡಾಯಿತು.

ಕೊಆಟ್ಲಿಕ್ಯುಎ ವಿಗ್ರಹ ಸುಮಾರು 2.5 ಮೀಟರ್ ಎತ್ತರವಿದೆ. ಹೆಸರಿನ ಅರ್ಥ 'ಸರ್ಪಗಳ ಲಂಗದವಳು'. ಸೊಂಟದ ಕೆಳಗೆ ಹೆಣೆದುಕೊಂಡ ಹಾವುಗಳೇ ಉಡುಗೆ. ಕೊರಳಿನಲ್ಲಿ ಕೈಗಳು ಮತ್ತು ಹೃದಯಗಳ ಹಾರ, ಅದರ ಪದಕವಾಗಿ ತಲೆಬುರುಡೆ. ತಲೆಯಿರುವ ಜಾಗದಲ್ಲಿ ಕತ್ತರಿಸಿದ ಕುತ್ತಿಗೆಯಿಂದ ಮೇಲೇಳುವ ಎರಡು ಸರ್ಪಗಳು ಮುಖಾಮುಖಿಯಾಗಿದ್ದು, ಎರಡರ ಪಾರ್ಶ್ವಗಳು ಕೂಡಿ ಒಂದೇ ಮುಖದಂತೆ ಕಾಣುತ್ತವೆ. ಯುರೋಪಿನ ಆರಂಭಿಕ ವೀಕ್ಷಕರು ಇದರಲ್ಲಿ ಬರಿಯ ಭೀಕರತೆಯನ್ನೇ ಕಂಡರು. ಆದರೆ ಈ ಕೃತಿಯ ರಚನೆಯಲ್ಲಿ ಅಸ್ತವ್ಯಸ್ತವಾದುದು ಏನೂ ಇಲ್ಲ. ಪ್ರತಿಯೊಂದು ಅಂಗವೂ ಕಟ್ಟುನಿಟ್ಟಾದ ಸಮಮಿತಿಗೆ ಒಳಪಟ್ಟಿದೆ. ಸರ್ಪಗಳ ಬದಲು ಹೃದಯಗಳ ಲಂಗವಿರುವ ಇಂಥದೇ ಇನ್ನೊಂದು ವಿಗ್ರಹವೂ ದೊರೆತಿರುವುದರಿಂದ, ಇದು ಒಂಟಿ ವಿಗ್ರಹವಾಗಿರದೆ ಸಮೂಹವೊಂದರ ಭಾಗವಾಗಿತ್ತೆಂದು ಊಹಿಸಲಾಗಿದೆ.

ವಿಗ್ರಹದ ತಳದಲ್ಲಿ, ನೆಲಕ್ಕೆ ತಾಗುವ ಮೇಲ್ಮೈಯಲ್ಲಿ, ಟ್ಲಾಲ್ಟೆಕುಟ್ಲಿಯ ಉಬ್ಬುಶಿಲ್ಪವಿದೆ. ಶಿಲೆಯನ್ನು ನಿಲ್ಲಿಸಿದ ಕ್ಷಣದಿಂದ ಅದು ಯಾವ ಮನುಷ್ಯನ ಕಣ್ಣಿಗೂ ಬೀಳುವಂತಿರಲಿಲ್ಲ. ಅಜ್ಟೆಕ್ ಶಿಲ್ಪಗಳಲ್ಲಿ ಇಂತಹ ಗುಪ್ತ ಕೆತ್ತನೆ ಅಪರೂಪವಲ್ಲ. ಭೂಮಿಗೆ ತಾಗುವ ಭಾಗದಲ್ಲಿ ಭೂದೇವತೆಯನ್ನೇ ಕೆತ್ತುವುದು ಅವರಿಗೆ ಸಹಜವಾಗಿತ್ತು. ಅದನ್ನು ನೋಡಬೇಕಾದವರು ಜನರಲ್ಲ.

ಕೊಯೊಲ್‌ಶಾವ್‌ಕಿ ಚಕ್ರಶಿಲೆಯ ವ್ಯಾಸ ಸುಮಾರು 3.25 ಮೀಟರ್. ರುಂಡ ಮತ್ತು ಕೈಕಾಲುಗಳು ಮುಂಡದಿಂದ ಬೇರ್ಪಟ್ಟ ದೇವಿಯ ದೇಹ ಅದರಲ್ಲಿದ್ದು, ಕೆನ್ನೆಯ ಮೇಲೆ ಅವಳ ಹೆಸರಿಗೆ ಕಾರಣವಾದ ಗಂಟೆಗಳಿವೆ. ಅಂಗಗಳು ಸುತ್ತಲೂ ತಿರುಗುತ್ತಿರುವಂತೆ ಜೋಡಿಸಿರುವುದರಿಂದ ಉರುಳುವ ಚಲನೆ ಕಲ್ಲಿನಲ್ಲಿ ಹಿಡಿದಿಟ್ಟಂತಿದೆ. ಈ ಶಿಲೆ ದೊರೆತದ್ದು ಮಹಾದೇಗುಲದ ಹುಯಿಟ್ಜಿಲೊಪೊಚ್ಟ್ಲಿ ಬದಿಯ ಮೆಟ್ಟಿಲುಗಳ ಬುಡದಲ್ಲಿ. ಮೇಲಿನ ಗುಡಿಯೆದುರು ಬಲಿಯಾದವರ ಶವಗಳು ಆ ಮೆಟ್ಟಿಲುಗಳಿಂದ ಉರುಳಿ ಬರುತ್ತಿದ್ದುದು ಅಲ್ಲಿಗೇ. ಪಿರಮಿಡ್ಡು ಸರ್ಪಗಿರಿಯಾಗಿ, ಬಲಿಯಾದ ಸೆರೆಯಾಳು ಕೊಯೊಲ್‌ಶಾವ್‌ಕಿಯಾಗಿ, ಪುರಾಣದ ಘಟನೆ ಪ್ರತಿ ಬಾರಿಯೂ ಮತ್ತೆ ನಡೆಯುತ್ತಿತ್ತು. ಶಿಲೆಯನ್ನು ವಸ್ತುಸಂಗ್ರಹಾಲಯದ ವಸ್ತುವಾಗಿ ಮಾತ್ರ ನೋಡಿದರೆ ಈ ಸಂಬಂಧ ಕಾಣುವುದಿಲ್ಲ.

ನಾಶ ಮತ್ತು ಸಮಾಧಿ

1521ರ ಆಗಸ್ಟ್ 13ರಂದು ತೆನೊಚ್ಟಿಟ್ಲಾನ್ ನಗರವು ಹೆರ್ನಾನ್ ಕೊರ್ಟೆಸ್ ನೇತೃತ್ವದ ಸ್ಪ್ಯಾನಿಷರಿಗೂ ಅವರ ಸ್ಥಳೀಯ ಮಿತ್ರಪಡೆಗಳಿಗೂ ಶರಣಾಯಿತು. ದೇಗುಲಗಳನ್ನು ಕೆಡವಲಾಯಿತು, ಅದೇ ಕಲ್ಲುಗಳಿಂದ ಚರ್ಚುಗಳೂ ಮನೆಗಳೂ ಎದ್ದವು. ಕೆಲವು ಶಿಲ್ಪಗಳನ್ನು ಕಡೆದು ಕಂಬದ ಪೀಠಗಳನ್ನಾಗಿ ಮಾಡಲಾಗಿದ್ದು, ಅವುಗಳ ತಳದಲ್ಲಿ ಟ್ಲಾಲ್ಟೆಕುಟ್ಲಿಯ ಆಕೃತಿ ಹಾಗೆಯೇ ಉಳಿದಿದೆ. ಶ್ರೀಮಂತರ ಮನೆಯೊಂದರ ಮೂಲೆಗಲ್ಲಾಗಿ ಇರಿಸಿದ ಸರ್ಪದ ತಲೆಯನ್ನು ಈಗ ಮೆಕ್ಸಿಕೋ ನಗರದ ವಸ್ತುಸಂಗ್ರಹಾಲಯವಾಗಿರುವ ಕಟ್ಟಡದಲ್ಲಿ ಇಂದಿಗೂ ಬೀದಿಯಿಂದಲೇ ನೋಡಬಹುದು. ಸೂರ್ಯಶಿಲೆಯಂತಹ ದೊಡ್ಡ ಕಲ್ಲೊಂದು ಕೆಲಕಾಲ ಚೌಕದಲ್ಲಿ ತೆರೆದು ಬಿದ್ದಿತ್ತು. ಅಲ್ಲಿ ನಡೆಯುತ್ತಿದ್ದ ಅಪರಾಧಗಳಿಗೆ ಅದರ ಪ್ರಭಾವವೇ ಕಾರಣವೆಂದು ಭಾವಿಸಿ ಆರ್ಚ್‌ಬಿಷಪ್ ಅಲೊನ್ಸೊ ದೆ ಮೊಂಟುಫರ್ ಅದನ್ನು ಹೂಳಿಸಿದನೆಂದು ಡುರಾನ್ ಬರೆದಿದ್ದಾನೆ.

ಮರುಶೋಧ

1790ರಲ್ಲಿ ವೈಸ್‌ರಾಯ್ ರೆವಿಯಾಹಿಹೆದೊ ಮೆಕ್ಸಿಕೋ ನಗರದ ಮುಖ್ಯ ಚೌಕಕ್ಕೆ ನೆಲಗಟ್ಟು ಹಾಕಿಸಿ ಚರಂಡಿ ತೋಡಿಸುವ ಕೆಲಸ ಆರಂಭಿಸಿದನು. ಆಗಸ್ಟ್ 13ರಂದು, ನಗರ ಪತನದ ವಾರ್ಷಿಕ ದಿನದಂದೇ, ಕೊಆಟ್ಲಿಕ್ಯುಎ ಹೊರಬಂದಳು, ಅದು ಕಾಕತಾಳೀಯ. ಡಿಸೆಂಬರ್ 17ರಂದು ಸೂರ್ಯಶಿಲೆ ದೊರೆಯಿತು. ಮರುವರ್ಷ ಟಿಸೊಕ್ ಶಿಲೆ ಸಿಕ್ಕಿದಾಗ ಅದನ್ನು ಒಡೆದು ನೆಲಗಟ್ಟಿಗೆ ಬಳಸುವ ಯೋಚನೆಯಿತ್ತು. ವಿದ್ವಾಂಸ ಅಂಟೋನಿಯೊ ದೆ ಲಿಯೊನ್ ಇ ಗಾಮಾ ಮೊದಲ ಎರಡು ಶಿಲೆಗಳ ವಿವರಣೆಯನ್ನು 1792ರಲ್ಲಿ ಪ್ರಕಟಿಸಿದನು. ಮೂಲನಿವಾಸಿಗಳು ಅಜ್ಞಾನಿಗಳೆಂಬ ಯುರೋಪಿಯನ್ ಅಭಿಪ್ರಾಯಕ್ಕೆ ಸೂರ್ಯಶಿಲೆಯಲ್ಲಿರುವ ಖಗೋಳಜ್ಞಾನವೇ ಉತ್ತರವೆಂಬುದು ಅವನ ವಾದ. ಅವನ ಹಲವು ವಿವರಣೆಗಳು ಇಂದು ನಿಲ್ಲುವುದಿಲ್ಲವಾದರೂ ಮೆಕ್ಸಿಕೋದ ಪುರಾತತ್ತ್ವ ಅಧ್ಯಯನ ಆ ಪುಸ್ತಕದಿಂದಲೇ ಆರಂಭವಾಯಿತೆನ್ನಬಹುದು.

ಎರಡು ಶಿಲೆಗಳ ಗತಿ ಬೇರೆಬೇರೆಯಾಯಿತು. ಪಂಚಾಂಗವೆಂದು ತಿಳಿಯಲಾದ ಸೂರ್ಯಶಿಲೆಗೆ ವಿಜ್ಞಾನದ ಗೌರವ ದೊರೆತು, ಅದನ್ನು ಕೆಥೆಡ್ರಲ್ ಗೋಪುರದ ಹೊರಗೋಡೆಗೆ ಅಳವಡಿಸಲಾಯಿತು. 1885ರವರೆಗೂ ಅದು ಅಲ್ಲಿಯೇ ಇತ್ತು. ವಿಶ್ವವಿದ್ಯಾಲಯದ ಅಂಗಳಕ್ಕೆ ಸಾಗಿಸಿದ ಕೊಆಟ್ಲಿಕ್ಯುಎಗೆ ಮೂಲನಿವಾಸಿಗಳು ಹೂವು ಮತ್ತು ಮೇಣದಬತ್ತಿಗಳನ್ನು ತಂದು ಅರ್ಪಿಸತೊಡಗಿದ್ದರಿಂದ ಅಧಿಕಾರಿಗಳು ಅವಳನ್ನು ಮತ್ತೆ ಹೂಳಿಸಿದರು. ಮೂರು ಶತಮಾನಗಳ ಮತಾಂತರದ ನಂತರವೂ ವಿಗ್ರಹಕ್ಕೆ ಭಕ್ತರಿದ್ದರು ಎಂಬುದೇ ಅವರನ್ನು ಕಳವಳಗೊಳಿಸಿದ ಸಂಗತಿ. 1803ರಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ನೋಡಲೆಂದು ವಿಗ್ರಹವನ್ನು ಅಗೆದು ತೆಗೆದು, ಪುನಃ ಮುಚ್ಚಲಾಯಿತು. 1823ರಲ್ಲಿ ಇಂಗ್ಲೆಂಡಿನ ವಿಲಿಯಂ ಬುಲಕ್ ಅದರ ಅಚ್ಚು ತೆಗೆದು ಮರುವರ್ಷ ಲಂಡನ್ನಿನಲ್ಲಿ ಪ್ರದರ್ಶಿಸಿದನು.

20ನೆಯ ಶತಮಾನದ ಅತಿ ದೊಡ್ಡ ಶೋಧವೂ ಆಕಸ್ಮಿಕವೇ. 1978ರ ಫೆಬ್ರವರಿ 21ರಂದು ಕೆಥೆಡ್ರಲ್ ಸಮೀಪದ ಬೀದಿಯಲ್ಲಿ ಅಗೆಯುತ್ತಿದ್ದ ವಿದ್ಯುತ್ ಕಂಪನಿಯ ಕಾರ್ಮಿಕರಿಗೆ ಕೊಯೊಲ್‌ಶಾವ್‌ಕಿ ಶಿಲೆ ತಾಗಿತು. ಪುರಾತತ್ತ್ವಜ್ಞ ಎಡ್ವರ್ಡೊ ಮಾಟೊಸ್ ಮೊಕ್ಟೆಜುಮಾ ನೇತೃತ್ವದಲ್ಲಿ ಮಹಾದೇಗುಲ ಯೋಜನೆ ಆರಂಭವಾಗಿ, ನೂರಾರು ವರ್ಷ ಕಟ್ಟಡಗಳಡಿ ಮುಚ್ಚಿಹೋಗಿದ್ದ ದೇಗುಲದ ಹಂತಗಳು ಬೆಳಕಿಗೆ ಬಂದವು. ಅಲ್ಲಿಯೇ ಸ್ಥಾಪನೆಯಾದ ವಸ್ತುಸಂಗ್ರಹಾಲಯ 1987ರಲ್ಲಿ ತೆರೆಯಿತು. ಚೌಕದಲ್ಲಿ ದೊರೆತ ಹಳೆಯ ಶಿಲೆಗಳು 1964ರಿಂದ ಚಾಪುಲ್ಟೆಪೆಕ್ ಉದ್ಯಾನದಲ್ಲಿರುವ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿವೆ. ಮೆಕ್ಸಿಕೋದ ಹತ್ತು ಪೆಸೊ ನಾಣ್ಯದ ಮೇಲೆ ಸೂರ್ಯಶಿಲೆಯ ನಡುವಿನ ಮುಖವನ್ನು ಮುದ್ರಿಸಲಾಗಿದ್ದು, ಸಣ್ಣ ಮೌಲ್ಯದ ನಾಣ್ಯಗಳಲ್ಲಿ ಅದರ ಹೊರವೃತ್ತಗಳ ಭಾಗಗಳಿವೆ.

ಟ್ಲಾಲ್ಟೆಕುಟ್ಲಿ ಶಿಲಾಫಲಕ

2006ರ ಅಕ್ಟೋಬರ್ 2ರಂದು ಮಹಾದೇಗುಲದ ಮೆಟ್ಟಿಲುಗಳ ಮುಂದೆ ಇದುವರೆಗೆ ದೊರೆತವುಗಳಲ್ಲಿಯೇ ಅತಿ ದೊಡ್ಡದಾದ ಅಜ್ಟೆಕ್ ಶಿಲ್ಪಫಲಕ ಪತ್ತೆಯಾಯಿತು. ಗುಲಾಬಿ ಆಂಡೆಸೈಟ್ ಶಿಲೆಯ ಈ ಫಲಕ ಸುಮಾರು 4.17 ಮೀಟರ್ ಉದ್ದ, 3.62 ಮೀಟರ್ ಅಗಲ ಮತ್ತು 12 ಟನ್ ತೂಕವಿದ್ದು ನಾಲ್ಕು ತುಂಡುಗಳಾಗಿ ಒಡೆದಿತ್ತು. ಹೆರಿಗೆಯ ಭಂಗಿಯಲ್ಲಿ ಕುಳಿತ ಭೂದೇವತೆಯ ಬಾಯಿಗೆ ರಕ್ತದ ಧಾರೆ ಹರಿಯುತ್ತಿದೆ. ಜೀವವನ್ನು ಹೆರುವವಳೂ ಸತ್ತವರನ್ನು ನುಂಗುವವಳೂ ಒಬ್ಬಳೇ ಎಂಬ ಕಲ್ಪನೆ ಅದರಲ್ಲಿದೆ. ಮೂಲ ವರ್ಣಗಳು ಗಣನೀಯವಾಗಿ ಉಳಿದಿರುವುದು ಈ ಫಲಕದ ವಿಶೇಷ.

ದೇವಿಯ ಬಲಗಾಲಿನ ಪಂಜದ ಬಳಿಯಿರುವ 'ಹತ್ತು-ಮೊಲ' ಎಂಬ ವರ್ಷಚಿಹ್ನೆಯು ದೊರೆ ಅವಿಟ್ಸೊಟ್ಲ್ ಮರಣಿಸಿದ 1502ನೆಯ ವರ್ಷಕ್ಕೆ ಹೊಂದುತ್ತದೆ. ಯಾವ ಅಜ್ಟೆಕ್ ದೊರೆಯ ಸಮಾಧಿಯೂ ಈವರೆಗೆ ದೊರೆತಿಲ್ಲವಾದ್ದರಿಂದ ಈ ಚಿಹ್ನೆ ವಿಶೇಷ ಕುತೂಹಲ ಹುಟ್ಟಿಸಿತು. ಲಿಯೊನಾರ್ಡೊ ಲೊಪೆಜ್ ಲುಹಾನ್ ನೇತೃತ್ವದ ತಂಡ ಫಲಕದ ಅಡಿಯಲ್ಲಿಯೂ ಸುತ್ತಲೂ ಅಗೆದಾಗ ಚಿನ್ನದ ಆಭರಣಗಳು, ಸಮುದ್ರದ ಚಿಪ್ಪುಗಳು, ಹದ್ದುಗಳ ಮತ್ತು ಇತರ ಪ್ರಾಣಿಗಳ ಅವಶೇಷಗಳಿಂದ ತುಂಬಿದ ಅರ್ಪಣೆಗಳು ಒಂದರ ಕೆಳಗೊಂದರಂತೆ ದೊರೆತವು.